ಬಯಲಿನ ತುದಿಯ ಕಲ್ಲು

ನಮ್ಮ ಮನೆಗೆ ಬಂದವರು ಹಿತ್ತಲಿಗೆ ಕೈ ತೊಳೆಯಲು ಹೋದರೆ ನಗುತ್ತಲೇ ಹಿಂತಿರುಗುತ್ತಾರೆ. ಅಲ್ಲಿ ನೀಲಿ ಬ್ಯಾರಲ್ಲಿನ ಮೇಲೆ ಮುಚ್ಚಿರುವ ತಗಡೇ ಅದಕ್ಕೆ ಕಾರಣ. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ‘ಹುಲ್ಲಿನ ಮೇಲೆ ನಡೆಯಬಾರದು. ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತಬೇಕು. ಅಪ್ಪಣೆಯಂತೆ, ಕಾರ್ಯದರ್ಶಿ’ ಎಂದು ಬರೆದಿದೆ. ನಮ್ಮ ಗದಗ-ಬೆಟಗೇರಿಯಲ್ಲಿ ನಳ ಬರುವುದು ಅದರ ಮನಸ್ಸಿಗೆ ಬಂದಾಗ. ಹಾಗಾಗಿ ಮನೆಮನೆಯಲ್ಲೂ ಮಂದಿಗಿಂತ ಬ್ಯಾರಲ್ಲುಗಳೇ ಹೆಚ್ಚು, ಬ್ಯಾರಲ್ಲಿಗೊಂದು ಮುಚ್ಚಳ ಬೇಕೇ ಬೇಕು. ಆ ಅಕ್ಷರ ನನ್ನದು. ಆ ಕಾರ್ಯದರ್ಶಿಯೂ ನಾನೇ. ದಿನಾ ಬೆಳಿಗ್ಗೆ ತಗಡು ಸರಿಸಿ ನೀರು ತುಂಬಿಕೊಳ್ಳುವಾಗ ನನ್ನ ಆಜ್ಞೆಯನ್ನು ನಾನೇ ಓದಿ ಒಂದಿಷ್ಟು ಸಣ್ಣವಳಾಗುತ್ತೇನೆ.

ನನ್ನ ಅಕ್ಷರ ದುಂಡಗಿದೆ. ಅದೊಂದು ಸದ್ಗುಣವೆಂದು ತಿಳಿದು ಬೆಳೆದವಳು ನಾನು. ಅದು ಕುತ್ತಿಗೆಗೆ ಬರುವ ಸದ್ಗುಣವೆಂದು ತಿಳಿಯಲು ತಡವಾಯಿತು. ಹರ್ತಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಹೀಗಾಗಿ ಓಣಿಗೆಲ್ಲ ‘ಅಕ್ಕೋರು’. ಯಾರ ಮನೆಯ ಲಗ್ನವಾದರೂ ಪತ್ರಿಕೆಯ ಮೇಲೆ ಹೆಸರು ಬರೆಯಲು ನಾನೇ ಬೇಕು. ಕೊಡ, ತಾಟುಗಳ ಮೇಲೆ ಹೆಸರು ಕೊರೆಸುವ ಮೊದಲು ಚೀಟಿಯಲ್ಲಿ ಬರೆದುಕೊಡಲೂ ನಾನೇ. ಸಮುದಾಯ ಭವನದ ಗೋಡೆಯ ಮೇಲೆ ‘ಎಲೆ ಅಡಿಕೆ ತಿಂದು ಉಗುಳಬಾರದು’ ಎಂದಿದೆಯಲ್ಲ, ಆ ಅಕ್ಷರ ನನ್ನದು. ಅದರ ಸುತ್ತಲಿನ ಕೆಂಪು ಕಲೆಗಳು ಅದನ್ನು ಓದಿದವರವು. ಇಂಥ ಕೀರ್ತಿಯಿದ್ದ ಮೇಲೆ ಓಣಿಯ ಉದ್ಯಾನ ನೋಡಿಕೊಳ್ಳಲು ಬಳಗ ಕಟ್ಟಿದಾಗ ಕಾರ್ಯದರ್ಶಿ ಯಾರಾಗಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ಅಧ್ಯಕ್ಷರು ಮಲ್ಲಪ್ಪನವರು, ನಿವೃತ್ತ ಬಸ್ ಕಂಡಕ್ಟರು.

‘ಅಕ್ಕೋರ, ನಿಮ್ಮ ಅಕ್ಷರ ಅಂದ್ರ ಮುತ್ತು ಪೋಣಿಸಿದಂಗ. ನೀವು ಬರೀರಿ, ನಾ ಸೀಟಿ ಹೊಡೀತೀನಿ,’ ಎಂದರು. ಬಳಗದ ಕೆಲಸದ ಹಂಚಿಕೆ ಅಲ್ಲಿಗೆ ಮುಗಿಯಿತು.

ಸೀಟಿ ಹೊಡೆಯುವುದು ಸುಳ್ಳಲ್ಲ. ನೌಕರಿ ಮುಗಿದರೂ ಸೀಟಿಯನ್ನು ಅವರು ಬಿಟ್ಟುಕೊಡಲಿಲ್ಲ. ಬೆಳಿಗ್ಗೆ ಆರಕ್ಕೆ ಉದ್ಯಾನದ ಗೇಟಿನ ಬಳಿ ನಿಂತು, ‘ಮುಂದ ನಡೀರಿ, ಮುಂದ ನಡೀರಿ, ಬಾಗಲದಾಗ ನಿಂದರಬ್ಯಾಡ್ರಿ’ ಎನ್ನುತ್ತಾರೆ. ಮಾತಾಡುತ್ತ ನಿಂತ ಹೆಂಗಸರ ಬೆನ್ನಿಗೆ ಎರಡು ಸೀಟಿ ಬಿದ್ದರೆ ‘ರೈಟ್, ಹೊರಡ್ರಿ’ ಎಂದು ಅರ್ಥ. ಮುಂಡರಗಿಯಿಂದ ಬಂದ ನಮ್ಮ ಚಿಗವ್ವ ಒಮ್ಮೆ ಅಲ್ಲಿ ಅಡ್ಡಾಡಿ ಬಂದು, ‘ಟಿಕೀಟ್ ಒಂದ ಕೇಳಲಿಲ್ಲವಾ’ ಎಂದಿದ್ದಳು.

ಗದಗಿನ ಗುರುತು ಹೇಳು ಎಂದರೆ ಎಲ್ಲರೂ ವೀರನಾರಾಯಣನ ಗುಡಿ ಎನ್ನುತ್ತಾರೆ, ಭೀಷ್ಮ ಕೆರೆ ಎನ್ನುತ್ತಾರೆ. ಅವು ಊರಿನ ಗುರುತುಗಳು, ಕ್ಯಾಲೆಂಡರಿನಲ್ಲಿ ಬರುವಂಥವು. ಓಣಿಯ ಗುರುತುಗಳೇ ಬೇರೆ. ನಮ್ಮ ಮನೆಗೆ ಬರಬೇಕಾದರೆ ಆಟೋದವನಿಗೆ ‘ಉದ್ಯಾನದ ಹತ್ತಿರ’ ಎಂದರೆ ಅವನು ನಿಮ್ಮನ್ನು ಊರೆಲ್ಲ ಸುತ್ತಿಸುತ್ತಾನೆ. ‘ಹಾಸಿನ ಬೈಲು’ ಎನ್ನಿ, ಮಾತಿಲ್ಲದೆ ತಂದು ಇಳಿಸುತ್ತಾನೆ. ಹಾಸಿಲ್ಲ, ಬಯಲೂ ಇಲ್ಲ, ತಂತಿಬೇಲಿ ಹಾಕಿ ಹುಲ್ಲು ಬೆಳೆಸಿ ವರ್ಷಗಳೇ ಆದವು. ಆದರೂ ಹೆಸರು ಮಾತ್ರ ಗಟ್ಟಿಯಾಗಿ ಕೂತಿದೆ.

ಹಾಸು ಎಂದರೆ ಮಗ್ಗದ ಉದ್ದದ ಎಳೆಗಳು. ಅವನ್ನು ಮಗ್ಗಕ್ಕೆ ಏರಿಸುವ ಮೊದಲು ಬಯಲಿನಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ದೊಡ್ಡ ಕುಂಚದಿಂದ ತೀಡಿ ಒಣಗಿಸಬೇಕು. ನಾನು ಸಣ್ಣವಳಿದ್ದಾಗ ನಮ್ಮ ಓಣಿಯಲ್ಲಿ ಮಗ್ಗವಿಲ್ಲದ ಮನೆ ಇರಲಿಲ್ಲ, ಮಗ್ಗದ ಸಪ್ಪಳವಿಲ್ಲದ ಹೊತ್ತೂ ಇರಲಿಲ್ಲ. ಪಾಳಿಯ ಮೇಲೆ ದಿನಕ್ಕೊಂದು ಮನೆಯ ಹಾಸು ಬಯಲಿಗೆ ಬರುತ್ತಿತ್ತು. ಮೂಡಣ ತುದಿಗೆ ಬೇವಿನ ಮರ, ಪಡುವಣ ತುದಿಗೆ ಸೊಂಟದೆತ್ತರದ ಒಂದು ಕಲ್ಲು. ಇವೆರಡರ ನಡುವೆ ಬಿಸಿಲೇರುವುದರೊಳಗೆ, ಗಾಳಿ ಏಳುವುದರೊಳಗೆ ಕೆಲಸ ಮುಗಿಯಬೇಕು. ನಮ್ಮ ಕಡೆಯ ಗಾಳಿ ನಿಮಗೆ ಗೊತ್ತೇ ಇದೆ. ಈಗ ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಅದೇ ಗಾಳಿ ಆಗ ನಮ್ಮ ಹಾಸಿನ ಎಳೆಗಳನ್ನು ಸಿಕ್ಕು ಮಾಡುತ್ತಿತ್ತು.

ಹಾಸಿನ ದಿನ ನನಗೆ ಹಬ್ಬ. ಜೋಳದ ಹಿಟ್ಟಿನ ಗಂಜಿ ದೊಡ್ಡ ಬೋಗುಣಿಯಲ್ಲಿ ಕೊತಕೊತ ಕುದಿಯುವ ವಾಸನೆಗೆ ಎಚ್ಚರವಾಗುತ್ತಿತ್ತು. ನೂಲಿಗೆ ಹಚ್ಚುವ ಆ ಗಂಜಿಗೆ ಬೆರಳು ಅದ್ದಿ ನೆಕ್ಕಿ ಅವ್ವನಿಂದ ಬೆನ್ನಿಗೆ ಗುದ್ದು ತಿಂದಿದ್ದೇನೆ. ರುಚಿಯೇನೂ ಇರಲಿಲ್ಲ. ಗುದ್ದಿನ ರುಚಿ ಮಾತ್ರ ಇನ್ನೂ ನೆನಪಿದೆ. ಅಪ್ಪ ಕುಂಚ ಹಿಡಿದು ಮುಂದೆ, ಅವ್ವ ಅವನ ಹಿಂದೆ. ಅವ್ವನ ಕೆಲಸ ಹರಿದ ಎಳೆಗಳನ್ನು ಹುಡುಕಿ ಕೂಡಿಸುವುದು. ನಡೆಯುತ್ತಲೇ ಎರಡು ತುದಿ ಹಿಡಿದು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಹೊಸೆದರೆ ಆಯಿತು, ಎಲ್ಲಿ ಹರಿದಿತ್ತೆಂದು ಹರಿದವರಿಗೂ ಸಿಗುವುದಿಲ್ಲ. ಬೇವಿನ ಮರದಿಂದ ಕಲ್ಲಿಗೆ, ಕಲ್ಲಿನಿಂದ ಮರಕ್ಕೆ ಒಂದು ಬೆಳಿಗ್ಗೆಗೆ ಎಷ್ಟು ಸಲ ಹೋಗಿಬರುತ್ತಿದ್ದಳೋ. ತುದಿ ಮುಟ್ಟಿದಾಗಲೆಲ್ಲ ಕಲ್ಲಿನ ಮೇಲೆ ಕೈಯಿಟ್ಟು ಒಂದು ಉಸಿರು ಬಿಟ್ಟು ತಿರುಗುತ್ತಿದ್ದಳು. ಹಗ್ಗ ಬಿಗಿದು ಬಿಗಿದು ಆ ಕಲ್ಲಿನ ನಡುವಿಗೆ ಬೆರಳು ಕೂರುವಷ್ಟು ಗೆರೆ ಬಿದ್ದಿತ್ತು.

ಓಣಿಯಲ್ಲಿ ಒಂದು ರೀತಿಯಿತ್ತು. ಯಾರದೇ ಹಾಸಿರಲಿ, ಹಾದು ಹೋಗುವಾಗ ಹರಿದ ಎಳೆ ಕಣ್ಣಿಗೆ ಬಿದ್ದರೆ ಕೂಡಿಸದೆ ದಾಟುವಂತಿಲ್ಲ. ಸಂತೆಗೆ ಹೊರಟವರಿರಲಿ, ತಲೆಯ ಮೇಲೆ ಕೊಡ ಹೊತ್ತವರಿರಲಿ, ನಿಂತು ಹೊಸೆದೇ ಮುಂದಕ್ಕೆ ಹೋಗಬೇಕು. ಯಾರು ಯಾವಾಗ ಮಾಡಿದ ನಿಯಮವೋ ತಿಳಿಯದು, ಯಾವ ತಗಡಿನ ಮೇಲೂ ಅದನ್ನು ಬರೆದಿರಲಿಲ್ಲ. ಬರೆಯದ ನಿಯಮವನ್ನು ಎಲ್ಲರೂ ಪಾಲಿಸುತ್ತಿದ್ದರು ಎಂಬುದನ್ನು ನೆನೆದರೆ ನನ್ನ ದುಂಡು ಅಕ್ಷರಗಳ ಬಗ್ಗೆ ಮುನಿಸು ಬರುತ್ತದೆ.

ಈ ರೀತಿಯ ಗಟ್ಟಿತನ ನನಗೆ ತಿಳಿದದ್ದು ಒಂದು ಆಡಿನಿಂದ. ನಮ್ಮಿಂದ ಮೂರು ಮನೆಯಾಚೆ ನೀಲವ್ವನ ಮನೆ. ಅವಳೂ ಅವ್ವನೂ ಒಂದೇ ವರ್ಷ ಸೊಸೆಯಂದಿರಾಗಿ ಓಣಿಗೆ ಬಂದವರು. ಒಬ್ಬರಿಗೆ ಸೀರೆ ತಂದರೆ ಇನ್ನೊಬ್ಬರಿಗೂ ಅದೇ ಅಂಚು ಬೇಕು, ಅಂಥ ಗೆಳೆತನ. ನನಗೆ ಹತ್ತು ವರ್ಷವಿದ್ದಾಗ ಒಂದು ಬೆಳಿಗ್ಗೆ ನೀಲವ್ವನ ಆಡು ಬಂದು, ನಮ್ಮ ಗಂಜಿ ಕುಡಿದು, ಗಂಜಿಯ ರುಚಿ ಹತ್ತಿ ಹಾಸಿನ ತುದಿಯನ್ನೇ ಮೇಯತೊಡಗಿತು. ಅಪ್ಪ ಓಡಿಬರುವಷ್ಟರಲ್ಲಿ ಒಂದು ಮಾರಿನಷ್ಟು ಎಳೆಗಳು ಅದರ ಹೊಟ್ಟೆಯಲ್ಲಿದ್ದವು.

‘ಆಡು ಕಟ್ಟಿಹಾಕಾಕ ಆಗೂದಿಲ್ಲೇನ ನಿನಗ?’ ಎಂದಳು ಅವ್ವ.

‘ನಾ ಕಟ್ಟಿದ್ದೆ. ಖರೇನ ಕಟ್ಟಿದ್ದೆ,’ ಎಂದಳು ನೀಲವ್ವ.

‘ಕಟ್ಟಿದ್ದ ಆಡು ಹಗ್ಗ ಬಿಚ್ಚಿಕೊಂಡು ಬರ್ತೈತೇನು? ಮನಿ ಮಂದಿ ಹೆಂಗೋ, ಆಡೂ ಹಂಗ.’

ಆ ಕೊನೆಯ ಮಾತು ಬೇಡವಾಗಿತ್ತು. ಅದು ಅವ್ವನಿಗೂ ಆ ಕ್ಷಣಕ್ಕೇ ತಿಳಿಯಿತೆಂದು ನನ್ನ ನಂಬಿಕೆ. ಆದರೆ ಬಾಯಿಂದ ಬಿದ್ದದ್ದನ್ನು ಹೊಸೆದು ಕೂಡಿಸುವ ವಿದ್ಯೆ ಅವಳಿಗೆ ಬರುತ್ತಿರಲಿಲ್ಲ. ಅವತ್ತು ನಿಂತ ಮಾತು ನಿಂತೇ ಹೋಯಿತು.

ಮರುದಿನ ನೀಲವ್ವನ ಪಾಳಿ. ಅವಳ ಹಾಸು ಬಯಲಿನಲ್ಲಿತ್ತು. ಅವ್ವ ನನ್ನ ಕೈ ಹಿಡಿದು ಅದರ ಪಕ್ಕದಲ್ಲೇ ಹೊರಟಿದ್ದಳು, ಮುಖ ಆ ಕಡೆ ತಿರುಗಿಸಿಕೊಂಡು. ನಡುವೆ ಒಂದು ಹರಿದ ಎಳೆ ಗಾಳಿಗೆ ಅಲ್ಲಾಡುತ್ತಿತ್ತು. ಅವ್ವ ನಿಂತಳು. ಎರಡು ತುದಿ ಹುಡುಕಿ ಹೊಸೆದಳು, ಸೆರಗಿಗೆ ಬೆರಳು ಒರೆಸಿಕೊಂಡಳು, ಮತ್ತೆ ಮುಖ ತಿರುಗಿಸಿಕೊಂಡು ಹೊರಟಳು.

‘ಯವ್ವಾ, ನೀ ನೀಲವ್ವನ ಮ್ಯಾಲ ಸಿಟ್ಟಿಗೆದ್ದಿ ಅಲ್ಲೇನ?’ ಎಂದೆ.

‘ಸಿಟ್ಟು ನೀಲಿ ಮ್ಯಾಲ. ಎಳಿ ಮ್ಯಾಲ ಏನು ಸಿಟ್ಟು? ಜಲ್ದಿ ನಡಿ, ಸಾಲಿ ಗಂಟಿ ಬಾರಿಸ್ತಾರ.’

ಅಂದಿನಿಂದ ಇಬ್ಬರೂ ಮಾತಾಡಲಿಲ್ಲ. ಹೇಳಲೇಬೇಕಾದದ್ದನ್ನು ಗೋಡೆಗೆ, ಗಿಡಕ್ಕೆ, ಎಮ್ಮೆಗೆ ಹೇಳುತ್ತಿದ್ದರು. ‘ಏ ಗ್ವಾಡಿ, ನಳ ಬಂದೈತಿ, ಯಾರಿಗರೆ ಬೇಕಾದ್ರ ಕೊಡ ಹಚ್ಚಲಿ,’ ಎಂದು ನೀಲವ್ವ ಹಾದುಹೋಗುತ್ತ ನಮ್ಮ ಗೋಡೆಗೆ ಹೇಳುವಳು. ಗೋಡೆಯ ಈಚೆ ಅವ್ವ ಕೊಡ ಎತ್ತಿಕೊಳ್ಳುವಳು. ಎದುರು ಬದುರಾದರೆ ಇಬ್ಬರ ಮುಖವೂ ಬೇರೆ ಬೇರೆ ದಿಕ್ಕಿಗೆ. ಆದರೂ ಅವಳ ಎಳೆ ಇವಳು, ಇವಳ ಎಳೆ ಅವಳು ಕೂಡಿಸುವುದು ಮಾತ್ರ ನಡೆದೇ ಇತ್ತು. ಆಮೇಲೆ ಒಂದೊಂದೇ ಮನೆಯ ಮಗ್ಗಗಳು ನಿಂತವು. ಮಂದಿ ಅಂಗಡಿ, ಕಚೇರಿ, ಪಾತ್ರೆ ವ್ಯಾಪಾರ, ಮಾಸ್ತರಿಕೆ ಎಂದು ಹರಿದು ಹಂಚಿಹೋದರು. ಅಪ್ಪ ಹೋದ ಮೇಲೆ ನಮ್ಮ ಮಗ್ಗವೂ ಅಟ್ಟ ಸೇರಿತು. ಹಾಸು ಇಲ್ಲವಾದ ಮೇಲೆ ಅವರಿಬ್ಬರ ನಡುವೆ ಕೂಡಿಸಲು ಒಂದು ಎಳೆಯೂ ಉಳಿಯಲಿಲ್ಲ. ಇದು ನನಗೆ ಆಗ ಹೊಳೆದಿರಲಿಲ್ಲ, ಈಗ ಬರೆಯುವಾಗ ಹೊಳೆಯುತ್ತಿದೆ.

ಉದ್ಯಾನಕ್ಕೆ ಬರೋಣ. ಮಲ್ಲಪ್ಪನವರ ಸೀಟಿ, ನನ್ನ ಬೋರ್ಡು, ಸುತ್ತಲೂ ನಡೆಯಲು ಫರಸಿಕಲ್ಲಿನ ದಾರಿ, ಎಲ್ಲ ಚೆಂದ ನಡೆದಿತ್ತು. ಒಂದು ಬೆಳಿಗ್ಗೆ ಅವರು ಗಂಭೀರವಾಗಿ ನನ್ನನ್ನು ಪಕ್ಕಕ್ಕೆ ಕರೆದರು.

‘ಅಕ್ಕೋರ, ತಪ್ಪು ತಿಳೀಬ್ಯಾಡ್ರಿ. ಒಬ್ಬಾಕಿ ಮುದುಕಿ ನಿಮ್ಮ ಬೋರ್ಡಿಗೆ ಕಿಮ್ಮತ್ತ ಕೊಡವಲ್ಲಳು. ಎಲ್ಲಾರೂ ಸುತ್ತು ಹಾಕಿದ್ರ ಆಕಿ ಹುಲ್ಲಿನ ನಡುವ ನೆಟ್ಟಗ ಹೋಗಿ ನೆಟ್ಟಗ ಬರ್ತಾಳ. ಸೀಟಿ ಹೊಡೆದ್ರ ಇನ್ನೊಮ್ಮೆ ಹೊಡಿ ಅಂತಾಳ.’

‘ಯಾರ್ರಿ ಅವರು?’ ಎಂದೆ, ಕಾರ್ಯದರ್ಶಿಯ ದನಿಯಲ್ಲಿ.

‘ನಿಮ್ಮವ್ವಾರ.’

ನಾನು ಶಾಲೆಗೆ ಬಸ್ ಹಿಡಿಯುವ ಗಡಿಬಿಡಿಯಲ್ಲಿ ನಾಲ್ಕು ಸುತ್ತು ಹಾಕಿ ಓಡುವವಳು, ಅವ್ವ ನಿಧಾನಕ್ಕೆ ಆಮೇಲೆ ಬರುವವಳು. ಹೀಗಾಗಿ ನೋಡಿರಲಿಲ್ಲ. ಮರುದಿನ ರವಿವಾರ, ನಿಂತು ನೋಡಿದೆ. ನಿಜ. ಹಸಿರು ಹುಲ್ಲಿನ ನಡುವೆ ಬೇವಿನ ಮರದಿಂದ ಆ ಹಳೆಯ ಕಲ್ಲಿನವರೆಗೆ ಒಂದು ಗೇಣಗಲದ ಬೋಳು ಗೆರೆ. ಅದರ ಮೇಲೆ ಅವ್ವ. ಮರ ಮುಟ್ಟಿ ಹೊರಡುವಳು, ಕಲ್ಲು ಮುಟ್ಟಿ ತಿರುಗುವಳು. ನಡೆಯುವಾಗ ಎಡಗೈಯ ಬೆರಳುಗಳು ಅವಳಿಗೇ ತಿಳಿಯದಂತೆ ಏನನ್ನೋ ಹೊಸೆಯುತ್ತಿದ್ದವು. ಪಡುವಣದ ಸಿಮೆಂಟು ಬೆಂಚಿನ ಮೇಲೆ ನೀಲವ್ವ ಕೂತು ಎತ್ತಲೋ ನೋಡುತ್ತಿದ್ದಳು. ಅವಳಾದರೂ ಹುಲ್ಲು ತುಳಿಯುವುದಿಲ್ಲವಲ್ಲ ಎಂದು ನನಗೆ ಮೆಚ್ಚುಗೆಯಾಯಿತು ನೋಡಿ, ಎಂಥ ಕಾರ್ಯದರ್ಶಿ ನಾನು!

‘ಯವ್ವಾ, ಎಲ್ಲಾರಂಗ ಸುತ್ತು ಹಾಕಬಾರದೇನ? ನಾನ ಬೋರ್ಡ್ ಬರೆದು ನಮ್ಮ ಮನಿಯವರೇ ಹುಲ್ಲ ತುಳಿದ್ರ ಮಂದಿ ಏನಂತಾರ?’

‘ನಾ ಏನು ಗಾಣದ ಎತ್ತೇನು, ಸುತ್ತಾಕ? ಹೋಗೂದು ಬರೂದು ಅಂದ್ರ ನಡಿಗಿ. ಸುತ್ತಿದ್ರ ಎಲ್ಲಿಗೆ ಹೋದಂಗಾತು?’

ಹಟಮಾರಿ ಎಂದುಕೊಂಡೆ. ಎಪ್ಪತ್ತಾರರ ಹಟಕ್ಕೆ ಮದ್ದಿಲ್ಲ ಎಂದು ಶನಿವಾರಕ್ಕೊಮ್ಮೆ ಲಕ್ಷ್ಮೇಶ್ವರದ ನೌಕರಿಯಿಂದ ಬರುವ ನಮ್ಮ ಯಜಮಾನರಿಗೂ ದೂರು ಹೇಳಿದೆ. ಅವಳ ಹಟದ ಪಟ್ಟಿ ಆಗ ಬೆಳೆಯುತ್ತಲೇ ಇತ್ತು. ಅಕ್ಕಿ ಆರಿಸುವುದನ್ನು ಬಿಟ್ಟಿದ್ದಳು. ‘ಈಗಿನ ಅಕ್ಕ್ಯಾಗ ಕಲ್ಲ ಎಲ್ಲಿರ್ತಾವ?’ ಎನ್ನುವಳು. ಊಟದಲ್ಲಿ ನನ್ನ ಹಲ್ಲಿಗೆ ಕಲ್ಲು ಸಿಕ್ಕರೆ ನಾನು ಅಂಗಡಿಯವನನ್ನು ಬೈಯುವೆ. ಚಹಾ ಬಸಿಯ ಹೊರಗೆ ಚೆಲ್ಲಿದರೆ ಬಸಿ ಸಣ್ಣದಾಯಿತು ಎನ್ನುವಳು, ನಾನು ದೊಡ್ಡ ಬಸಿ ತಂದುಕೊಟ್ಟೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಕೊಂಬು ತಪ್ಪಿದರೂ ಹಿಡಿಯುವ ನನಗೆ ಇದಾವುದೂ ಕಾಣಲಿಲ್ಲ.

ಅಷ್ಟರಲ್ಲಿ ದಾನಿಯೊಬ್ಬರು ವ್ಯಾಯಾಮದ ಯಂತ್ರವೊಂದನ್ನು ಕೊಡಿಸುತ್ತೇನೆಂದರು. ಅದನ್ನು ಎಲ್ಲಿ ಕೂರಿಸುವುದು? ಪಡುವಣ ತುದಿಯ ಕಲ್ಲಿನ ಜಾಗ ಸರಿ ಎಂದು ಬಳಗದ ತೀರ್ಮಾನ. ಠರಾವು ಬರೆದವಳು ನಾನು. ‘ಸದರಿ ಸ್ಥಳದಲ್ಲಿರುವ ನಿರುಪಯುಕ್ತ ಕಲ್ಲನ್ನು ತೆಗೆಯಲು ಸರ್ವಾನುಮತದಿಂದ ಒಪ್ಪಲಾಯಿತು.’ ‘ನಿರುಪಯುಕ್ತ’ ಎಂಬ ಶಬ್ದ ಬರೆದಾಗ ಅದರ ಒತ್ತಕ್ಷರದ ಚೆಂದಕ್ಕೆ ನಾನೇ ಒಮ್ಮೆ ತಲೆ ಓರೆ ಮಾಡಿ ನೋಡಿದೆ. ಆ ಕಲ್ಲು ಬಿದ್ದರೆ ಅವ್ವನ ಹುಲ್ಲು ತುಳಿಯುವ ಚಟವೂ ಬಿಟ್ಟೀತು ಎಂಬ ಸಣ್ಣ ಲೆಕ್ಕವೂ ಒಳಗಿತ್ತು, ಸುಳ್ಳೇಕೆ ಹೇಳಲಿ. ಅವ್ವನಿಗೆ ಹೇಳಲಿಲ್ಲ.

ನಮ್ಮಲ್ಲಿ ಕೀಳುವ ಕೆಲಸ ಜಲ್ದಿ, ನೆಡುವ ಕೆಲಸ ನಿಧಾನ. ಒಂದು ಶನಿವಾರ ಸಂಜೆ ಆಳುಗಳು ಬಂದು ಕಲ್ಲು ಕಿತ್ತು ಬಂಡಿಯಲ್ಲಿ ಹಾಕಿಕೊಂಡು ಹೋದರು. ಯಂತ್ರ ಇವತ್ತಿಗೂ ಬಂದಿಲ್ಲ.

ಮರುದಿನ ಬೆಳಿಗ್ಗೆ ನಾನು ಉದ್ಯಾನದ ಆಚೆ ಮೂಲೆಯಲ್ಲಿ ಸುತ್ತು ಹಾಕುತ್ತಿದ್ದೆ. ಅವ್ವ ಬೇವಿನ ಮರ ಮುಟ್ಟಿ ತನ್ನ ಗೆರೆಯ ಮೇಲೆ ಹೊರಟಳು. ಆಷಾಢದ ಗಾಳಿ, ಸೆರಗು ಹಾರುತ್ತಿತ್ತು. ತುದಿ ಹತ್ತಿರ ಬಂದಂತೆ ಅವಳ ಬಲಗೈ ಮುಂದೆ ಬಂತು, ಸೊಂಟದೆತ್ತರಕ್ಕೆ, ಕಲ್ಲು ಇರಬೇಕಾದ ಎತ್ತರಕ್ಕೆ. ಕೈಗೆ ಏನೂ ಸಿಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟಳು. ಬೆರಳು ಬಿಚ್ಚಿ ಗಾಳಿಯಲ್ಲಿ ಆ ಕಡೆ ಈ ಕಡೆ ತಡಕಿದಳು. ಇನ್ನೊಂದು ಹೆಜ್ಜೆ. ಅವಳ ಮುಂದೆ ಕಲ್ಲು ಕಿತ್ತ ಕುಣಿ ಮೊಳಕಾಲುದ್ದ ಬಾಯಿ ಬಿಟ್ಟುಕೊಂಡಿತ್ತು. ಹಗಲು ಬೆಳಕಿನಲ್ಲಿ, ಅಷ್ಟು ದೊಡ್ಡ ಕುಣಿಯನ್ನು ಅವಳು ನೋಡುತ್ತಿರಲಿಲ್ಲ. ಅವಳಿಗೆ ಕಾಣುತ್ತಿಲ್ಲವೆಂದು ನನಗೆ ಗೊತ್ತಾದದ್ದು ಆಗ. ಓಡಿದೆ. ಹುಲ್ಲು ತುಳಿಯುತ್ತಲೇ ಓಡಿದೆ.

ನನಗಿಂತ ಮೊದಲು ಬೆಂಚಿನಿಂದ ನೀಲವ್ವ ಎದ್ದಿದ್ದಳು. ಎಪ್ಪತ್ತು ದಾಟಿದ ಆ ಮೊಳಕಾಲುಗಳು ಅಷ್ಟು ಬೇಗ ಹೇಗೆ ಎದ್ದವೋ. ಬಂದು ಕುಣಿಗೂ ಅವ್ವನಿಗೂ ನಡುವೆ ನಿಂತಳು. ಬಾಯಿ ಬಿಡಲಿಲ್ಲ. ಸ್ವಲ್ಪ ಬಾಗಿ, ಕಲ್ಲಿನ ಎತ್ತರಕ್ಕೆ ಸರಿಯಾಗಿ ತನ್ನ ಕೈ ಚಾಚಿ ಹಿಡಿದಳು. ಅವ್ವನ ಅಂಗೈ ಅದರ ಮೇಲೆ ಬಂದು ಕೂತಿತು. ಬೆರಳುಗಳು ಆ ಕೈಯನ್ನು ಮಣಿಕಟ್ಟಿನಿಂದ ಹೆಬ್ಬೆರಳಿನ ತನಕ ಮುಟ್ಟಿ ನೋಡಿದವು. ಆಮೇಲೆ ಎಂದಿನಂತೆ ಒಂದು ಉಸಿರು ಬಿಟ್ಟು, ತಿರುಗಿ, ಬೇವಿನ ಮರದ ಕಡೆ ಹೊರಟಳು.

ಏದುಸಿರು ಬಿಡುತ್ತ ನಾನು ಬಂದು ನಿಂತೆ. ನೀಲವ್ವ ಅಲ್ಲೇ ನಿಂತಿದ್ದಳು, ಅವ್ವ ಮತ್ತೆ ಬರುವಳಲ್ಲ.

‘ಸರೂ, ನಿಮ್ಮವ್ವಗ ಕಣ್ಣು ಕಾಣೂದಿಲ್ಲ ಅನ್ನೂದು ನಿನಗ ಖಬರ ಇಲ್ಲೇನ?’

ನಾನು ಇಲ್ಲವೆಂದು ತಲೆಯಾಡಿಸಿದೆ.

‘ನನಗ ಎರಡು ವರ್ಷದಿಂದ ಗೊತ್ತೈತಿ.’

‘ಹೆಂಗ ಗೊತ್ತಾತು? ನೀವಿಬ್ರೂ ಮಾತ ಆಡೂದಿಲ್ಲ.’

‘ಮೊದಲ ನಾ ಎದುರಿಗೆ ಬಂದ್ರ ಆಕಿ ಮಾರಿ ಆ ಕಡೆ ತಿರುವ್ತಿದ್ಲು. ಎರಡು ವರ್ಷಾತು ನೋಡು, ತಿರುವೂದ ಬಿಟ್ಟಾಳ. ನೆಟ್ಟಗ ನನ್ನ ಮಾರಿ ನೋಡಿಕೋತ ದಾಟತಾಳ. ಸಿಟ್ಟು ಇಳೀತು ಅಂತ ಹಿಗ್ಗಿದೆ. ನಕ್ಕೆ. ಆಕಿ ನಗಲಿಲ್ಲ. ಆಮ್ಯಾಲ ತಿಳೀತು, ನಾ ಆಕಿಗೆ ಕಾಣವಲ್ಲೆ ಅಂತ.’ ನೀಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಆವತ್ತಿಂದ ಈ ಬೆಂಚಿನ ಮ್ಯಾಲ ಕುಂಡ್ರತೀನಿ. ಎಲ್ಲರೆ ಎಡವಿದ್ರ ಅಂತ.’

ನನಗೆ ಅಳು ಬಂತು. ಐವತ್ತೆರಡು ವರ್ಷದ ಶಾಲಾ ಶಿಕ್ಷಕಿ, ಉದ್ಯಾನ ಬಳಗದ ಕಾರ್ಯದರ್ಶಿ, ಹುಲ್ಲಿನ ನಡುವೆ ನಿಂತು ಮಗುವಿನಂತೆ ಅತ್ತೆ. ಅವ್ವನ ಜೊತೆ ಒಂದೇ ಸೂರಿನಡಿ ಇದ್ದ ನನಗೆ ಕಾಣದ್ದು, ಮಾತು ಬಿಟ್ಟವಳಿಗೆ ಕಂಡಿತ್ತು. ಮಲ್ಲಪ್ಪನವರು ಬಾಯಿಗಿಟ್ಟ ಸೀಟಿಯನ್ನು ತೆಗೆದು ಕಿಸೆಗೆ ಹಾಕಿಕೊಂಡರು. ಆ ಹೊತ್ತೇ ಸಲಿಕೆ ತಂದು ಕುಣಿ ಮುಚ್ಚಿದರು.

ಮನೆಗೆ ಬಂದು ಅವ್ವನ ಮುಂದೆ ಕೂತೆ. ‘ಯಾಕ ಹೇಳಲಿಲ್ಲ ಯವ್ವಾ?’

‘ಹೇಳಿದ್ರ ನೀ ಇನ್ನೊಂದು ಬೋರ್ಡ್ ಬರೀತಿದ್ದಿ, ಮನಿ ಬಿಟ್ಟು ಹೊರಗ ಹೋಗಬಾರದು ಅಂತ.’ ಅವ್ವ ನಕ್ಕಳು. ನಾನು ನಗಲಿಲ್ಲ. ಅವಳು ಕೈ ಚಾಚಿ ನನ್ನ ತಲೆ ಹುಡುಕಿದಳು. ‘ಆ ಸುತ್ತು ದಾರಿ ನನಗ ತಿಳ್ಯೂದಿಲ್ಲವಾ. ಎಲ್ಲಿ ಸುರುವಾತು, ಎಲ್ಲಿ ಮುಗೀತು ಒಂದೂ ತಿಳ್ಯೂದಿಲ್ಲ. ಈ ದಾರಿ ಗೊತ್ತೈತಿ. ಗಿಡದಿಂದ ಕಲ್ಲಿಗೆ ಮೊದಲ ಐವತ್ತು ಹೆಜ್ಜಿ, ಈಗ ಅರವತ್ತೆಂಟು. ಆ ಗಿಡ, ಆ ಕಲ್ಲು ಇದ್ರ ನಾ ಯಾರ ಕೈನೂ ಹಿಡೀದಂಗ ನಡೀತೀನಿ.’

‘ಇವತ್ತ ಕೈ ಹಿಡಿದಾಕಿ ಯಾರು ಅಂತ ಗೊತ್ತಾತೇನು?’

‘ಗೊತ್ತಾಗದೇನ? ಎಳಿ ಹೊಸೆದ ಹೆಬ್ಬೆಟ್ಟು ಅದು. ನೀಲೀದು.’

‘ಮತ್ತ ಮಾತಾಡಿಸಬಾರದೇನ?’

‘ನಲವತ್ತು ವರ್ಷದ ಸಿಟ್ಟು,’ ಎಂದಳು ಅವ್ವ, ‘ಅಷ್ಟ ಜಲ್ದಿ ಹೆಂಗ ಬಿಡಾಕ ಬರ್ತೈತಿ?’

ಹುಬ್ಬಳ್ಳಿಗೆ ಕರೆದೊಯ್ದು ಕಣ್ಣಿನ ಡಾಕ್ಟರರಿಗೆ ತೋರಿಸಿದೆ. ಹೋದ ದೃಷ್ಟಿ ಬರುವುದಿಲ್ಲ, ಉಳಿದಿರುವ ಮಬ್ಬು ಬೆಳಕನ್ನು ಉಳಿಸಿಕೊಳ್ಳಲು ಹನಿ ಹಾಕಿ ಎಂದರು. ಎರಡು ವರ್ಷ ಮೊದಲೇ ಬಂದಿದ್ದರೆ ಎಂದು ಕೇಳಲು ಬಾಯಿ ತೆರೆದೆ, ಉತ್ತರಕ್ಕೆ ಹೆದರಿ ಮುಚ್ಚಿದೆ. ದಿನಕ್ಕೆ ಮೂರು ಸಲ ನಾನೇ ಹನಿ ಹಾಕುತ್ತೇನೆ. ಅವ್ವ ಅದಕ್ಕೂ ಹಟ ಮಾಡುತ್ತಾಳೆ.

ಇತ್ತ ಕಲ್ಲಿನ ಶೋಧ ನಡೆಯಿತು. ಬಂಡಿಯವನು ಒಂದು ಕಡೆ ಹೇಳಿದ, ಅವನ ಆಳು ಇನ್ನೊಂದು ಕಡೆ ಹೇಳಿದ. ಮಲ್ಲಪ್ಪನವರು ತಮ್ಮ ಸ್ಕೂಟರಿನಲ್ಲಿ ನಾಗಾವಿಯ ರಸ್ತೆಯ ತನಕ ಹುಡುಕಿ ಬಂದರು. ಕಡೆಗೆ ಅದು ಸಿಕ್ಕಿದ್ದು ನಮ್ಮದೇ ಸಮುದಾಯ ಭವನದ ಹಿಂದೆ. ಲಗ್ನದ ಅಡುಗೆಯವರು ಅದನ್ನು ಅಡ್ಡ ಕೆಡವಿ, ಅದರ ಮೇಲೆ ತೆಂಗಿನಕಾಯಿ ಒಡೆಯುತ್ತಿದ್ದರು. ‘ಛಲೋ ಕಲ್ಲೈತ್ರಿ, ಒಂದ ಏಟಿಗೆ ಎರಡು ಹೋಳು,’ ಎಂದ ಅಡುಗೆಯವನು ಬಿಟ್ಟುಕೊಡಲು ಒಪ್ಪಲಿಲ್ಲ. ನಾನು ಹೊಸ ಠರಾವು ಬರೆದು ತೋರಿಸಿದೆ. ಅವನು ಓದಲಿಲ್ಲ. ಮಲ್ಲಪ್ಪನವರು ಸೀಟಿ ಹೊಡೆದರು, ಆಗ ಬಿಟ್ಟ. ಅದೇ ಓಟದಲ್ಲಿ ಅವರು ಉದ್ಯಾನದ ನನ್ನ ಬೋರ್ಡನ್ನೂ ಕಿತ್ತು ಮನೆಗೆ ತಂದುಕೊಟ್ಟು, ‘ಇದನ್ನ ಯಾವುದಕ್ಕರೆ ಮುಚ್ಚಿ ಬಿಡ್ರಿ ಅಕ್ಕೋರ,’ ಎಂದರು.

ಕಲ್ಲು ಮತ್ತೆ ತನ್ನ ಜಾಗಕ್ಕೆ ಬರಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ನೀಲವ್ವ ಕಲ್ಲಿನ ಜಾಗದಲ್ಲಿ ನಿಂತಳು. ‘ನಾ ನಿಂದರತೀನಿ, ನೀವು ಕುಂಡ್ರಿ’ ಎಂದರೆ ನನಗೆ ಬೈದಳು. ಬೆಳಿಗ್ಗೆ ಅವ್ವ ಬರುವಳು, ಇವಳು ಕೈ ಚಾಚುವಳು, ಅವ್ವ ಮುಟ್ಟಿ ತಿರುಗುವಳು. ಒಂದು ಮಾತಿಲ್ಲ. ನೋಡುತ್ತಿದ್ದ ನಮಗೇ ಮಾತಾಡ್ರವ್ವ ಎಂದು ಕೂಗಬೇಕೆನಿಸುತ್ತಿತ್ತು. ಕಲ್ಲು ನೆಡುವ ದಿನ ಹತ್ತಿರ ಬಂದಂತೆ ನನಗೆ ಬೇರೆಯೇ ಚಿಂತೆ. ಕಲ್ಲು ಬಂದರೆ ನೀಲವ್ವ ಮತ್ತೆ ಬೆಂಚಿಗೆ ಹೋಗುತ್ತಾಳೆ. ಹರಿದದ್ದನ್ನು ಕೂಡಿಸಿದ್ದಾಯಿತು, ಅವಳ ಪಾಲಿನ ಕೆಲಸ ಮುಗಿಯಿತು, ಇನ್ನು ಮುಂದಕ್ಕೆ ಹೋಗಬಹುದು. ನಮ್ಮ ಓಣಿಯ ರೀತಿ ಹೇಳುವುದು ಅಷ್ಟೇ ತಾನೆ.

ಹನ್ನೆರಡನೆಯ ಬೆಳಿಗ್ಗೆ ಕಲ್ಲು ನಿಂತಿತ್ತು, ಸ್ವಲ್ಪ ಓರೆಯಾಗಿ, ತಲೆಯ ಮೇಲೆ ತೆಂಗಿನಕಾಯಿಯ ಕಲೆಯೊಂದಿಗೆ. ನೀಲವ್ವ ಬೆಂಚಿನ ಮೇಲಿದ್ದಳು. ಅವ್ವ ಬೇವಿನ ಮರ ಮುಟ್ಟಿ ಹೊರಟಳು. ಅರವತ್ತೆಂಟು ಹೆಜ್ಜೆ. ಬಲಗೈ ಚಾಚಿದಳು. ಕಲ್ಲು ಸಿಕ್ಕಿತು. ಬೆರಳು ಹಗ್ಗದ ಗೆರೆಯನ್ನು ಹುಡುಕಿ ಅದರಲ್ಲಿ ಕೂತಿತು. ಅವಳ ಮುಖದಲ್ಲಿ ಗುರುತು ಸಿಕ್ಕ ಸಮಾಧಾನ ಕಂಡಿತು.

ಆದರೆ ಅವಳು ತಿರುಗಲಿಲ್ಲ. ಬಲಗೈ ಕಲ್ಲಿನ ಮೇಲಿರುವಂತೆಯೇ ಎಡಗೈ ಮೆಲ್ಲಗೆ ಎದ್ದು ಪಕ್ಕದ ಗಾಳಿಯಲ್ಲಿ ತಡಕಿತು. ಒಮ್ಮೆ ಈಚೆ, ಒಮ್ಮೆ ಆಚೆ. ಏನೂ ಸಿಗದೆ ಹಾಗೇ ನಿಂತಿತು. ಸುತ್ತು ಹಾಕುತ್ತಿದ್ದವರೆಲ್ಲ ನಿಂತರು. ‘ಮುಂದ ನಡೀರಿ’ ಎನ್ನಬೇಕಾದ ಮಲ್ಲಪ್ಪನವರೂ ನಿಂತಿದ್ದರು.

ನೀಲವ್ವ ಒಂದು ಮೊಳಕಾಲು, ಆಮೇಲೆ ಇನ್ನೊಂದು ಮೊಳಕಾಲು ಎಂದು ಬೆಂಚಿನಿಂದ ಎದ್ದಳು. ಎಂದಿನ ರೂಢಿಯಂತೆ ಬೇವಿನ ಮರದ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಮರಕ್ಕೆ ಹೇಳಲಿಲ್ಲ.

‘ಇಲ್ಲೇ ಅದೀನಿ, ಶಾಂತಾ.’

ಅವ್ವ ಆ ದನಿಯ ಕಡೆ ಮುಖ ಮಾಡಿದಳು. ಆದರೂ ಬಿಟ್ಟುಕೊಡುವವಳಲ್ಲ.

‘ಆಡು ಕಟ್ಟಿ ಬಂದೀಯೇನು?’

‘ಕಟ್ಟೇ ಬಂದೀನಿ. ಅವತ್ತೂ ಕಟ್ಟಿದ್ದೆ.’

‘ಸುಳ್ಳ ಹೇಳಬ್ಯಾಡ,’ ಎನ್ನುತ್ತ ಅವ್ವ ಅವಳ ಕೈ ಹಿಡಿದಳು.